ಅರ್ಪಿಸದೆ ಬಂದ ಸಾರು

ಶರಣಪ್ಪನವರು ಊಟ ಬಿಡುತ್ತಿದ್ದಾರೆ ಎಂದು ವಿಲಾಯತಿಯ ಪಿನ್ನರ್‌ನ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಟ್ಟೆ ಮೇಲಿನ ಕೋಣೆಗೆ ಹೋಗುತ್ತಿತ್ತು, ತಟ್ಟೆ ಕೆಳಗಿಳಿದು ಬರುತ್ತಿತ್ತು. ಲಿಂಗಕ್ಕೆ ತೋರಿಸಿದ್ದು ಪ್ರಸಾದ, ಪ್ರಸಾದದಲ್ಲಿ ಒಂದು ಅಗುಳನ್ನೂ ಬಿಡಬಾರದು ಎಂಬುದು ಅವರು ಬುದ್ಧಿ ಬಂದಾಗಿನಿಂದ ನಡೆಸಿಕೊಂಡು ಬಂದ ನೇಮ. ಅದಕ್ಕೇ ಮೊದಲೇ ಒಂದು ಚೂರು ರೊಟ್ಟಿ ಮುರಿದು ಬೇರೆ ಇಟ್ಟುಕೊಂಡು, ಅಷ್ಟನ್ನೇ ಎಡ ಅಂಗೈಯ ಲಿಂಗಕ್ಕೆ ತೋರಿಸಿ, ಅಷ್ಟನ್ನೇ ಉಂಡು, ಉಳಿದದ್ದನ್ನು ಮುಟ್ಟದೆ ಹಿಂದಕ್ಕೆ ಕಳಿಸುತ್ತಿದ್ದರು. ನೇಮ ಕೆಟ್ಟಿರಲಿಲ್ಲ. ಮೈ ಕೆಡುತ್ತಿತ್ತು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿ ಆಡುತ್ತಿತ್ತು.

ಚಳಿಗಾಲದ ಮೊದಲಲ್ಲಿ ಅವರಿಗೆ ಸಣ್ಣಗೆ ಲಕ್ವಾ ಹೊಡೆದಿತ್ತು. ಕಾಲು ಬೇಗ ಸುಧಾರಿಸಿತು. ಬಲಗೈಯ ನಡುಕ ಉಳಿಯಿತು, ತುಟಿಯ ಬಲಮೂಲೆ ಜೋತುಬಿದ್ದದ್ದು ಹಾಗೇ ಉಳಿಯಿತು. ಧಾರವಾಡದಲ್ಲಿ ಕನ್ನಡ ಮಾಸ್ತರರಾಗಿದ್ದವರು, ಶ್ರಾವಣ ಬಂತೆಂದರೆ ಮಠದ ಅಂಗಳದಲ್ಲಿ ತಿಂಗಳಿಡೀ ಪುರಾಣ ಹೇಳುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು, ಇಲ್ಲಿಯೂ ಹೇಸ್‌ನ ಒಂದು ಬಾಡಿಗೆಯ ಸಭಾಂಗಣದಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಯ ಮಂದಿಯನ್ನು ಕೂಡಿಸಿ, ಷಟ್ಪದಿ ಹಾಡಿ ಅರ್ಥ ಬಿಡಿಸುತ್ತಿದ್ದರು. ಅವರ ದನಿ ಮೇಲೇರಿದರೆ ಹಿಂದುಗಡೆ ಚಹಾ ಕುದಿಸುತ್ತಿದ್ದವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಈಗ ರಕಾರ ಲಕಾರಗಳು ತುಟಿಯ ಮೂಲೆಗೆ ಬಂದು ಜಾರಿಹೋಗುತ್ತಿದ್ದವು. ಮೊದಲು ಪದ್ಯ ನಿಂತಿತು. ಆಮೇಲೆ ಎಲ್ಲರ ಜೊತೆ ಕೂತು ಉಣ್ಣುವುದು ನಿಂತಿತು.

ಅದು ನಿಂತ ಸಂಜೆ ಸೊಸೆ ಸೌಜನ್ಯಾ ಎದುರಿಗೇ ಕೂತಿದ್ದಳು. ದಿನವೂ ಉಣ್ಣುವಾಗ ಮಾವನವರ ಬಾಯಿಂದ ಅನ್ನ ಜಾರಿ ಗದ್ದಕ್ಕೆ, ಗದ್ದದಿಂದ ಅಂಗಿಗೆ ಇಳಿಯುತ್ತಿತ್ತು. ಆ ಬದಿಗೆ ಮುಟ್ಟಿದ್ದು ತಿಳಿಯದ್ದರಿಂದ ಅವರಿಗೆ ಗೊತ್ತಾಗುತ್ತಿರಲಿಲ್ಲ. "ಏನರ ಬಿತ್ತೇನು?" ಎಂದು ಅವರು ಕೇಳುವರು. "ಏನಿಲ್ಲಪ್ಪಾ, ಆರಾಮ ಊಟ ಮಾಡ್ರಿ," ಎಂದು ಮಗ ನಿತೀಶ ಹೇಳುವನು. ಹದಿನೈದರ ಮೊಮ್ಮಗಳು ಅಂಕಿತಾ ತನ್ನ ತಟ್ಟೆಯಿಂದ ಕಣ್ಣೆತ್ತದೆ, "ಯು ಆರ್ ಫೈನ್, ಅಜ್ಜಾ," ಎನ್ನುವಳು. ಸೌಜನ್ಯಾ ಏನೂ ಎನ್ನುತ್ತಿರಲಿಲ್ಲ. ಗದ್ದ ಒರೆಸಿಕೊಳ್ಳಿರಿ ಎಂದು ಮಾವನಿಗೆ ಸೊಸೆ ಹೇಳುವುದುಂಟೆ?

ಆ ಸಂಜೆ ಹೊರಗೆ ಬೇಗ ಕತ್ತಲಾಗಿ, ಹಿತ್ತಲಿನ ಗಾಜಿನ ಬಾಗಿಲು ಕನ್ನಡಿಯಾಗಿತ್ತು. ಶರಣಪ್ಪನವರು ನೀರು ಕುಡಿಯಲು ತಲೆ ಎತ್ತಿದವರು ಗಾಜಿನಲ್ಲಿ ತಮ್ಮನ್ನು ನೋಡಿಕೊಂಡರು. ಗದ್ದದ ಮೇಲೆ ಅನ್ನ, ಎದೆಯ ಮೇಲೆ ಬೇಳೆ. "ಏನಿಲ್ಲಪ್ಪಾ" ಎಂದು ಮಗ ಹೇಳಿ ಆಗಿನ್ನೂ ಬಾಯಿ ಮುಚ್ಚಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ತಟ್ಟೆಯಲ್ಲಿದ್ದ ಅಷ್ಟನ್ನೂ ಉಂಡರು, ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದರು, ಎದ್ದರು. ಮರುದಿನದಿಂದ ಊಟ ಮೇಲಿನ ಕೋಣೆಗೆ ಹೋಗತೊಡಗಿತು.

"ಗಂಟಲಿಗೇನೂ ಆಗಿಲ್ಲ, ನುಂಗುವುದು ಸರಿ ಇದೆ," ಎಂದಳು ಜಿಪಿ, ಅವರ ಮನೆಯ ಡಾಕ್ಟರು. "ಆದರೆ ತೂಕ ಹೀಗೇ ಇಳಿಯುತ್ತ ಹೋದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಮೂಗಿನಲ್ಲಿ ನಳಿಕೆ ಹಾಕುತ್ತಾರೆ. ಅದಕ್ಕೆ ಮೊದಲು ಹೇಗಾದರೂ ತಿನ್ನಿಸಿ."

ಅಂದು ರಾತ್ರಿ ನಿತೀಶ ಹಾಸಿಗೆಯ ತುದಿಗೆ ಕೂತು ಅತ್ತ. ಸೌಜನ್ಯಾಗೆ ಅಳು ಬರಲಿಲ್ಲ. ಅವಳು ಒಂದು ಜಾಗವನ್ನು ನೆನೆಯುತ್ತಿದ್ದಳು.

ಮೂರ್‌ಗೇಟ್‌ನಲ್ಲಿ ಅವಳ ಆಫೀಸಿನ ಹಿಂದಿನ ಓಣಿಯಲ್ಲಿ ಒಂದು ಜಪಾನಿ ಊಟದಂಗಡಿ ಇತ್ತು. ರಾಮೆನ್ ಒಂದನ್ನೇ ಮಾಡುವ ಅಂಗಡಿ. ದೊಡ್ಡ ಬಟ್ಟಲಿನ ತುಂಬ ಬಿಸಿ ಸಾರು, ಸಾರಿನಲ್ಲಿ ಮುಳುಗಿದ ನೂಡಲ್ಸ್. ಅಲ್ಲಿ ಮೇಜುಗಳಿಲ್ಲ. ಗೋಡೆಯುದ್ದಕ್ಕೂ ಒಂದೊಂದೇ ಕುರ್ಚಿಯ ಗೂಡುಗಳು, ಗೂಡುಗೂಡಿನ ನಡುವೆ ಮರದ ಹಲಗೆ. ಗಂಡನ ಜೊತೆ ಬಂದವಳೂ ಅಲ್ಲಿ ಒಬ್ಬಳೇ ಕೂತು ಉಣ್ಣಬೇಕು. ಮೊದಲ ಸಲ ಹೋದಾಗ ಅವಳಿಗೆ ಇದೆಂಥ ಪಾಪದ ಊಟ ಅನಿಸಿತ್ತು. ಎರಡನೆಯ ಸಲಕ್ಕೆ ಹಾಗನಿಸಲಿಲ್ಲ.

ಬೆಳಿಗ್ಗೆ ಮಾವನವರಿಗೆ ಚಹಾ ಕೊಡುವಾಗ ಹೇಳಿದಳು:

"ಮಾವಾರ, ಶನಿವಾರ ನನ್ನ ಜೋಡಿ ಬರ್ತೀರೇನ್ರಿ? ಒಂದ ಕಡೆ ಉಣ್ಣಾಕ ಹೋಗೂಣು."

"ಹೊರಗ ಉಣ್ಣಾಕ? ನಾನೇನು ಬರಲಿ, ಬಿಡವ್ವಾ."

"ಅಲ್ಲಿ ಯಾರೂ ಯಾರ ಮುಖಾನೂ ನೋಡಂಗಿಲ್ರೀ."

ಶರಣಪ್ಪನವರು ಕಪ್ಪನ್ನು ತುಟಿಗೆ ಒಯ್ಯುತ್ತಿದ್ದವರು ತಡೆದರು. ಇಷ್ಟು ದಿನ ಆ ಮನೆಯಲ್ಲಿ ಎಲ್ಲರೂ ಸುತ್ತು ಬಳಸಿ ನಡೆಯುತ್ತಿದ್ದ ವಿಷಯದ ಹತ್ತಿರ ಯಾರೋ ಒಬ್ಬರು ಬಂದು ನಿಂತಂತಾಗಿತ್ತು. ಕಪ್ಪನ್ನು ಕೆಳಗಿಟ್ಟು, "ಹಂಗಾದ್ರ ನಡಿ," ಎಂದರು.

ಶನಿವಾರ ಮಧ್ಯಾಹ್ನ ಇಬ್ಬರೂ ಪಿನ್ನರ್‌ನಲ್ಲಿ ಟ್ಯೂಬ್ ರೈಲು ಹತ್ತಿದರು. ಶರಣಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಹಣೆಗೆ ವಿಭೂತಿ ಎಳೆದಿದ್ದರು, ಮಫ್ಲರನ್ನು ಬಾಯಿ ಮುಚ್ಚುವಂತೆ ಸುತ್ತಿಕೊಂಡಿದ್ದರು. ವೆಂಬ್ಲಿ ದಾಟುವವರೆಗೆ ಮಾತಿಲ್ಲ. ಆಮೇಲೆ ಮಫ್ಲರಿನೊಳಗಿಂದಲೇ ಕೇಳಿದರು:

"ಸಾರು ಅಂದೆಲಾ, ಎದರದು?"

"ಎರಡು ನಮೂನಿ ಐತ್ರಿ. ಒಂದು ಎಲುಬಿಂದು. ನಮಗದು ಬ್ಯಾಡ. ಇನ್ನೊಂದು ಅಣಬಿ, ಸಮುದ್ರದಾಗಿನ ಸೊಪ್ಪು ಹಾಕಿ ಕುದಿಸಿದ್ದು. ಅಣಬಿ ನಡೀತೈತಲ್ರೀ?"

"ಅಣಬಿಗೇನು, ಮಣ್ಣಾಗ ಹುಟ್ಟಿದ್ದು." ಸ್ವಲ್ಪ ಹೊತ್ತು ಬಿಟ್ಟು, "ಸಮುದ್ರದಾಗ ಸೊಪ್ಪೂ ಬೆಳೀತೈತೇನು? ಎಷ್ಟರ ವಿಚಿತ್ರ ಇಟ್ಟಾನವ್ವಾ ಶಿವಾ," ಎಂದರು.

ಊಟದ ಹೊತ್ತು ಮುಗಿದಿದ್ದರಿಂದ ಅಂಗಡಿಯಲ್ಲಿ ಅಷ್ಟು ಮಂದಿ ಇರಲಿಲ್ಲ. ಒಳಗೆ ಬೆಳಕು ಕಡಿಮೆ, ಮಾತು ಇಲ್ಲವೇ ಇಲ್ಲ. ಸೌಜನ್ಯಾ ಕೊನೆಯ ಗೂಡಿನಲ್ಲಿ ಮಾವನವರನ್ನು ಕೂರಿಸಿದಳು. ಎದುರಿಗೆ ಬಿದಿರಿನ ಪರದೆ, ಪರದೆಯ ಕೆಳಗೆ ಕೈ ತೂರುವಷ್ಟು ಕಂಡಿ. ಆ ಕಂಡಿಯಿಂದ ಬಟ್ಟಲು ಬರುತ್ತದೆ. ಬಡಿಸುವವರಿಗೆ ಉಣ್ಣುವವರ ಕೈ ಮಾತ್ರ ಕಾಣುತ್ತದೆ, ಉಣ್ಣುವವರಿಗೆ ಬಡಿಸುವವರ ಕೈ. ಪಕ್ಕದಲ್ಲಿ ನೀರಿನ ನಲ್ಲಿ. ಶರಣಪ್ಪನವರು ಎಡಕ್ಕೆ ಬಲಕ್ಕೆ ತಿರುಗಿ ಹಲಗೆಗಳನ್ನು ಮುಟ್ಟಿ ನೋಡಿದರು.

"ಇದೇನವ್ವಾ, ಮಠದಾಗ ಅನುಷ್ಠಾನಕ್ಕ ಕುಂದ್ರೂ ಗವಿ ಇದ್ದಂಗೈತಿ."

"ಈ ಗವಿಯೊಳಗ ಊಟ ಕೊಡ್ತಾರ್ರೀ."

"ಆ ಗವಿಯೊಳಗ ಅದೊಂದು ಕೊಡತಿರಲಿಲ್ಲ," ಎಂದು ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಅವಳು ಇಬ್ಬರಿಗೂ ಅಣಬೆಯ ಸಾರನ್ನೇ ಹೇಳಿದಳು, ಖಾರ ಬೇಡ ಎಂದಳು, ಅವರಿಗೆ ನೂಡಲ್ಸ್ ಮೆತ್ತಗೆ ಬೇಯಿಸಿ, ಚಮಚ, ಫೋರ್ಕ್ ಕೊಡಿ ಎಂದಳು. ತನ್ನ ಗೂಡಿಗೆ ಹೋಗಿ ಕೂತಳು. ನಡುವಿನ ಹಲಗೆಗೆ ತಿರುಗಣಿ ಇತ್ತು, ಬೇಕಾದವರು ಬಾಗಿಲಿನಂತೆ ಮಡಚಿಡಬಹುದಿತ್ತು. ಅವಳು ಮುಟ್ಟಲಿಲ್ಲ.

ಬಟ್ಟಲು ಬಂತು. ಪರದೆ ಇಳಿಯಿತು. ಹಲಗೆಯಾಚೆ ಲಿಂಗವಿಡುವ ಬೆಳ್ಳಿಯ ಕರಡಿಗೆ ಬಿಚ್ಚಿದ ಸಣ್ಣ ಸಪ್ಪಳ. ಈಗ ಎಡ ಅಂಗೈಗೆ ಲಿಂಗ ತಗೊಂಡರು. ಈಗ ಬಟ್ಟಲನ್ನು ತೋರಿಸುತ್ತಿದ್ದಾರೆ. ಈಗ ಕಣ್ಣು ಮುಚ್ಚಿರಬೇಕು. ಮತ್ತೆ ಕರಡಿಗೆಯ ಸಪ್ಪಳ, ಲಿಂಗ ಎದೆಗೆ ಮರಳಿತು. ಸೌಜನ್ಯಾಗೆ ಆಗ ಒಮ್ಮೆಲೆ ಹೊಳೆಯಿತು: ಬೇರೆ ತೆಗೆದಿಡಲು ಅಲ್ಲಿ ಇನ್ನೊಂದು ಬಟ್ಟಲೇ ಇಲ್ಲ, ಅವರು ಮೊದಲೇ ಒಂದು ಚೂರು ತೆಗೆದು ಬೇರೆ ಇಟ್ಟುಕೊಂಡಿಲ್ಲ. ತುಂಬಿದ ಬಟ್ಟಲನ್ನೇ ತೋರಿಸಿದ್ದಾರೆ.

ಅವಳ ಇನ್ನೊಂದು ಪಕ್ಕದ ಗೂಡಿನಲ್ಲಿ ಯಾರೋ ಜೋರಾಗಿ ಸೊರ್ರೆಂದು ಎಳೆದರು.

"ಯಾರವ್ವಾ ಅದು, ಎಮ್ಮಿ ಕೊಪ್ಪರಿಗಿಗೆ ಬಾಯಿ ಹಾಕಿದಂಗ?" ಹಲಗೆಯಾಚೆಯಿಂದ ಪಿಸುದನಿ ಬಂತು.

"ಇಲ್ಲಿ ಹಂಗ ಉಣ್ಣಬೇಕಂತ್ರಿ. ಸಪ್ಪಳಾದ್ರ ಅಡಗಿ ಚೊಲೊ ಆಗೇತಿ ಅಂತ ಅರ್ಥ."

"ಹೌದೇನು? ನಮ್ಮವ್ವ ಈ ಸಪ್ಪಳಕ್ಕ ಬೆನ್ನಮ್ಯಾಲ ಹೊಡೀತಿದ್ದಳು."

ಸ್ವಲ್ಪ ತಡೆದು, ಅಂಜಿ ಅಂಜಿ ಎಂಬಂತೆ, ಆಚೆಯಿಂದಲೂ ಒಂದು ಸೊರ್ ಕೇಳಿತು. ಮತ್ತೊಂದು. ಆಮೇಲೆ ಲೆಕ್ಕವಿಲ್ಲದೆ ಬಂದವು. ಫೋರ್ಕ್ ಬಟ್ಟಲಿಗೆ ತಾಗಿದ ಸದ್ದು, ಊದಿ ಆರಿಸಿದ ಸದ್ದು, ಗುಟುಕು ಗಂಟಲಿಗಿಳಿದ ಸದ್ದು. ಏನೋ ಬಿದ್ದಿತು, ಅವರು ನಿಲ್ಲಿಸಲಿಲ್ಲ. ಸೌಜನ್ಯಾ ತನ್ನ ಊಟ ಬಿಟ್ಟು ಹಲಗೆಯತ್ತ ಕಿವಿಯಿಟ್ಟಳು. ಚಳಿಗಾಲವಿಡೀ ಆ ಮನೆಯಲ್ಲಿ ಕೇಳದೆ ಹೋಗಿದ್ದ ಸದ್ದು ಅದು. ಒಬ್ಬ ಮನುಷ್ಯ ಹಸಿದು ಉಣ್ಣುವ ಸದ್ದು.

ಆಗಲೇ ಆಚೆಯ ಗೂಡಿನ ಪರದೆ ಮೇಲೆ ಸರಿಯಿತು. ಬಡಿಸುವವಳು, ಅಲ್ಲಿ ಬಡಿಸುವವರೆಲ್ಲ ಹಾಕುವ ಮಾಸ್ಕಿನೊಳಗಿಂದ, ಏನೋ ಮೆತ್ತಗೆ ಕೇಳಿದಳು. ಸಾರು ಸುರಿದ ಸಪ್ಪಳವಾಯಿತು. ಪರದೆ ಇಳಿಯಿತು. ಮರುಕ್ಷಣ ಸೌಜನ್ಯಾಳ ಪರದೆ ಮೇಲೇರಿತು, ಕಂಡಿಯಲ್ಲಿ ಒಂದು ಹೂಜಿಯ ಕೊಕ್ಕು, ಅದನ್ನು ಹಿಡಿದ ಎರಡು ಕೈ.

"ಇನ್ನೊಂದಿಷ್ಟು ಸಾರು ಹಾಕಲೆ?" ಇಂಗ್ಲಿಷಿನಲ್ಲಿ ಕೇಳಿದಳು. "ಅಣಬೆಯದು ಮುಗಿದುಹೋಯಿತು, ಇದು ಹಂದಿಯ ಎಲುಬಿನದು. ಪರವಾಗಿಲ್ಲವಾ?"

ಸೌಜನ್ಯಾ ತನ್ನ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು. "ಪಕ್ಕದವರಿಗೆ ಹಾಕಿದಿರಾ?"

"ಹಾಕಿದೆ. ಅವರನ್ನೂ ಕೇಳಿದೆ. ಕೈ ಜೋಡಿಸಿದರು. ಎಷ್ಟು ಚೆಂದ ಜೋಡಿಸುತ್ತಾರೆ ಅವರು."

ಸೌಜನ್ಯಾಗೆ ಎಲ್ಲ ತಿಳಿಯಿತು. ಮಠದ ದಾಸೋಹದಲ್ಲಿ ಸಾಲಾಗಿ ಕೂತವರ ಮುಂದೆ ಬಡಿಸುತ್ತ ಬರುವವರಿಗೆ ಯಾರೂ ಬೇಡ ಅನ್ನುವುದಿಲ್ಲ. ಬಂದದ್ದಕ್ಕೆ ಕೈ ಮುಗಿಯುತ್ತಾರೆ. ಮಾಸ್ಕಿನೊಳಗಿನ ಇಂಗ್ಲಿಷು ಮಾವನವರ ಕಿವಿಗೆ ಹತ್ತಿರಲಿಕ್ಕಿಲ್ಲ. ಮುಂದೆ ಹೂಜಿ ಬಾಗಿದ್ದು ಕಂಡಿದೆ, ಹಿಡಿದ ಕೈ ಕಂಡಿದೆ. ಬಾಲ್ಯದಿಂದ ಎಷ್ಟು ಪಂಕ್ತಿಗಳಲ್ಲಿ ಮುಗಿದ ಕೈಗಳೋ, ತಾವಾಗಿಯೇ ಕೂಡಿವೆ.

"ಏನಾದರೂ ತಪ್ಪಾಯಿತಾ?" ಎಂದಳು ಬಡಿಸುವವಳು.

"ಏನಿಲ್ಲ," ಎಂದಳು ಸೌಜನ್ಯಾ. ಪರದೆ ಇಳಿಯಿತು.

ಆಚೆಗೆ ಗುಟುಕಿನ ಸದ್ದು. ಅವಳು ಫೋನು ತೆಗೆದು ಗಂಡನಿಗೆ ಬರೆದಳು: ಮಾವಾರ ಬಟ್ಟಲಿಗೆ ಗೊತ್ತಿಲ್ಲದೆ ಹಂದಿ ಎಲುಬಿನ ಸಾರು ಹಾಕ್ಯಾರ. ಕುಡ್ಯಾಕ ಹತ್ಯಾರ. ಏನ ಮಾಡ್ಲಿ?

ಉತ್ತರ ಕೂಡಲೇ ಬಂತು. ಉಣ್ಣಾಕತ್ತಾರ?

ಹೌದು. ಬಟ್ಟಲ ತುಂಬ.

ಹೇಳಬ್ಯಾಡ. ಪ್ಲೀಸ್. ಅವರಿಗೆ ಗೊತ್ತಾಗಂಗಿಲ್ಲ. ಉಂಡ್ರ ಸಾಕು.

ಅವಳು ಫೋನನ್ನು ಬೋರಲು ಇಟ್ಟಳು. ನಿತೀಶನ ಮಾತಿನಲ್ಲಿ ತಪ್ಪೇನಿತ್ತು? ಹೇಳಿದರೆ ಅವರು ಇನ್ನೆಂದೂ ಮನೆಯ ಹೊಸ್ತಿಲು ದಾಟಿ ಉಣ್ಣುವುದಿಲ್ಲ, ಮನೆಯೊಳಗೆ ಮೊದಲೇ ಉಣ್ಣುತ್ತಿಲ್ಲ. ಇವತ್ತೊಂದು ದಿನ ಒಂದು ದಾರಿ ತೆರೆದಿದೆ. ಹೇಳಿದರೆ ಮುಚ್ಚುತ್ತದೆ, ಆಮೇಲೆ ಆಸ್ಪತ್ರೆ, ನಳಿಕೆ. ಸುಮ್ಮನಿದ್ದರೆ ಯಾರಿಗೆ ಗೊತ್ತು? ಅವಳಿಗೆ ಗೊತ್ತು, ಅವಳ ಗಂಡನಿಗೆ ಗೊತ್ತು. ಇಬ್ಬರು ಸೇರಿ ನುಂಗಿಕೊಳ್ಳಬಹುದು. ಎಷ್ಟೋ ನುಂಗಿಕೊಂಡಿದ್ದಾರೆ.

ಮತ್ತೊಂದು ಗುಟುಕು.

ಆಗ ಹಲಗೆಯಾಚೆ ಅವರು ಪದ್ಯ ಹೇಳಲು ಶುರುಮಾಡಿದರು.

ಜೋರಾಗಿ ಅಲ್ಲ. ಬಟ್ಟಲಿನ ಉಗಿಗೆ ಹೇಳಿಕೊಂಡಂತೆ, ಮೂಗಿನಲ್ಲಿ ರಾಗ ಹಿಡಿದು. ಷಟ್ಪದಿಯ ಮೊದಲ ಸಾಲು ಬಂತು, ರಕಾರ ಜಾರಿತು. ನಿಂತರು. ಹಿಂದಕ್ಕೆ ಹೋಗಿ ಅದೇ ಸಾಲನ್ನು ಮತ್ತೆ ಎತ್ತಿಕೊಂಡು, ರಕಾರದ ಹತ್ತಿರ ಬಂದಾಗ ಮೆಲ್ಲಗೆ, ಕೆಸರಿನಲ್ಲಿ ಕಾಲಿಡುವವರಂತೆ, ಅದನ್ನು ದಾಟಿಸಿದರು. ಎರಡನೆಯ ಸಾಲು. ಒಂದು ಗುಟುಕು. ಮೂರನೆಯ ಸಾಲು. ಹೇಸ್‌ನ ಸಭಾಂಗಣದಲ್ಲಿ ಕೇಳಿದ್ದ ಆ ದನಿ ಅವಳಿಗೆ ಇಷ್ಟು ಸಣ್ಣದಾಗಿ, ಇಷ್ಟು ಹತ್ತಿರದಿಂದ ಎಂದೂ ಕೇಳಿರಲಿಲ್ಲ. ಅವರು ಪ್ರಸಾದ ಮುಗಿಸುವಾಗ ಹೇಳುವ ಪದ್ಯ ಅದು. ಇನ್ನು ಮೂರು ಸಾಲು ಮುಗಿದರೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ತಳದವರೆಗೆ ಕುಡಿಯುತ್ತಾರೆ. ನಲ್ಲಿಯ ನೀರು ಹಾಕಿ, ತೊಳೆದು, ಅದನ್ನೂ ಕುಡಿಯುತ್ತಾರೆ. ನೇಮ ಮುಗಿಯಿತು ಎಂದುಕೊಳ್ಳುತ್ತಾರೆ.

ನಾಲ್ಕನೆಯ ಸಾಲು ಹೊರಡುವ ಮೊದಲು ಸೌಜನ್ಯಾ ಹಲಗೆಯನ್ನು ಮಡಚಿದಳು.

ಅವರ ಮುಖ ಉಗಿಯಲ್ಲಿ ತೊಯ್ದು ಹೊಳೆಯುತ್ತಿತ್ತು. ಗದ್ದದ ಮೇಲೆ ಒಂದು ನೂಡಲ್ ಅಂಟಿತ್ತು, ಬಿಳಿ ಅಂಗಿಯ ಎದೆಗೆ ಕಂದು ಕಲೆ. ಅವರು ಗಬಕ್ಕನೆ ಮಫ್ಲರ್‌ಗೆ ಕೈ ಹಾಕಿದರು.

"ಮಾವಾರ, ಸಾಕ್ರಿ. ಕುಡೀಬ್ಯಾಡ್ರಿ."

"ಯಾಕ?"

"ಆಕಿ ಆಮ್ಯಾಲ ಬಂದು ಹಾಕಿದ್ಲಲ್ರೀ, ಅದು ನಮ್ಮ ಸಾರಲ್ಲ. ಹಂದಿ ಎಲುಬಿಂದು. ಆಕಿ ಕೇಳಿದ್ದು ನಿಮಗ ಕೇಳಿಸಿಲ್ಲ. ನೀವು ಕೈ ಮುಗದ್ರಿ, ಆಕಿ ಹೂಂ ಅಂದ್ರು ಅಂತ ತಿಳಕೊಂಡಳು."

ಶರಣಪ್ಪನವರು ಬಟ್ಟಲನ್ನು ನೋಡಲಿಲ್ಲ. ಅಂಗಿಯ ಮೇಲಿನಿಂದಲೇ ಎದೆಯ ಕರಡಿಗೆಯನ್ನು ಎಡಗೈಯಲ್ಲಿ ಮುಚ್ಚಿ ಹಿಡಿದರು, ಮಗುವಿನ ಕಣ್ಣು ಮುಚ್ಚಿದಂತೆ.

"ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದರು.

ಈಗಲೇ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲಿ ಅದೇ ಇತ್ತು.

"ಹಾಕಿದ ಕೂಡಲೇ ಗೊತ್ತಾತ್ರಿ. ಆಮ್ಯಾಲ ನೀವು ಎರಡು ಮೂರು ಗುಟುಕು ಕುಡಿಯೂತನಕ ನಾ ಸುಮ್ಮನ ಕುಂತಿದ್ದೆ."

"ಯಾಕ ಕುಂತಿದ್ದಿ?"

"ಉಣ್ಣಾಕ ಹತ್ತಿದ್ರಿ."

ಅವರು ತಲೆದೂಗಿದರು. "ನಿತೀಶಗ ಕೇಳಿದೇನು?"

"ಕೇಳಿದೆ."

"ಹೇಳಬ್ಯಾಡ ಅಂದಿರಬೇಕು."

"ಹೌದ್ರಿ."

"ಅವ ಸಣ್ಣಾವಿದ್ದಾಗಿಂದ ಹಂಗ. ಯಾರಿಗೂ ನೋವಾಗಬಾರದು ಅಂತ ಊರಿಗೆಲ್ಲ ಸುಳ್ಳು ಹೇಳಿಕೋತ ಬಂದಾನ." ನಗಲಿಲ್ಲ. ನಡುಗುವ ಬಲಗೈಯಿಂದ ಬಟ್ಟಲನ್ನು ಒಂದು ಗೇಣು ಆಚೆ ಸರಿಸಿದರು. ಆಮೇಲೆ, ಅವಳ ಮುಖವನ್ನೇ ನೋಡುತ್ತ ಕೇಳಿದರು:

"ಮನ್ಯಾಗ ಉಣ್ಣೂವಾಗ ನನ್ನ ಬಾಯಿಂದ ಬೀಳತಿತ್ತೇನು?"

"ಬೀಳತಿತ್ರಿ."

"ಒಂದಗಳು, ಎರಡಗಳು?"

"ಇಲ್ರೀ. ಬಾಳ ಬೀಳತಿತ್ತು."

"ಅಂಕಿತಾ ನಡುವ ಎದ್ದು ಹೋಗತಿದ್ದಳು. ಹೋಮ್‌ವರ್ಕ್ ಅಂತಿದ್ದಳು."

ಸೌಜನ್ಯಾ ಹಲಗೆಯ ಅಂಚನ್ನು ಹಿಡಿದುಕೊಂಡಳು. ಮಗಳ ಮಾತು ಮಾವನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. "ಆಕಿಗೆ ಹೇಸಿಗಿ ಬರತಿತ್ರಿ. ಹೇಸಿಗಿ ಬಂತಲಾ ಅಂತ ಮ್ಯಾಲ ಹೋಗಿ ಅಳತಿದ್ದಳು. ನನಗ ಹೇಳ್ಯಾಳ."

ಶರಣಪ್ಪನವರು ಕಣ್ಣು ಮುಚ್ಚಿದರು. ಗದ್ದದ ಮೇಲಿನ ನೂಡಲ್ ತೊಡೆಗೆ ಬಿತ್ತು. ಅವರಿಗೆ ಅದು ತಿಳಿಯಲಿಲ್ಲ.

"ಗಾಜಿನ್ಯಾಗ ನೋಡಿಕೊಂಡ ದಿನ ನನಗ ಅನ್ನ ಬಿದ್ದದ್ದಕ್ಕ ನಾಚಿಕಿ ಆಗಲಿಲ್ಲವ್ವಾ," ಎಂದರು. "ಹಡೆದ ಮಗ, ಮೊಮ್ಮಗಳು, ಎಲ್ಲಾರೂ ಕೂಡಿ ಒಂದು ನಾಟಕ ಆಡಾಕತ್ತಾರ, ನಾನೊಬ್ಬನ ಅದನ್ನ ಖರೇ ಅಂತ ನಂಬೇನಿ ಅನಿಸ್ತು. ಮುಂದ ಯಾರು ಏನಂದ್ರೂ ನಂಬಾಕ ಆಗವಲ್ದು. ಚಹಾಕ್ಕ ಸಕ್ಕರಿ ಹಾಕಿಲ್ಲ ಅಂದ್ರೂ ಹಾಕ್ಯಾರೇನೋ ಅನಿಸ್ತೈತಿ. ಅಂಥಾ ಪಂಕ್ತಿಯೊಳಗ ತುತ್ತು ಹೆಂಗ ಇಳೀಬೇಕು?"

ಬಟ್ಟಲಿನ ಸಾರಿನ ಮೇಲೆ ಎಣ್ಣೆಯ ಕಣ್ಣುಗಳು ತೇಲಿ ಒಂದಕ್ಕೊಂದು ಕೂಡುತ್ತಿದ್ದವು.

"ಈಗ ಇದನ್ನೇನು ಮಾಡೂದ್ರಿ?" ಎಂದು ಸೌಜನ್ಯಾ ಕೇಳಿದಳು. "ಪ್ರಸಾದ ಬಿಡಬಾರದಲ್ರೀ."

ಶರಣಪ್ಪನವರು ಪಾಠ ಹೇಳುವಾಗ ಮಾಡುತ್ತಿದ್ದಂತೆ ಬೆರಳು ಎತ್ತಿದರು, ಬೆರಳು ನಡುಗಿತು. "ನಾ ಲಿಂಗಕ್ಕ ಅರ್ಪಿಸಿದ್ದು ಅಣಬಿ ಸಾರು. ಅದನ್ನ ಆಕಿ ಬರೂದ್ರೊಳಗ ಮುಗಿಸಿದ್ದೆ. ತಳದಾಗ ಒಂದೀಟು ಇತ್ತು. ಆಮ್ಯಾಲ ಬಂದದ್ದು ಅರ್ಪಿಸಿದ್ದಲ್ಲ. ಅರ್ಪಿಸದೆ ಬಾಯಿಗಿಟ್ಟೆ, ಮೊದಲ ತಪ್ಪು ಅಲ್ಲೇ ಆತು, ಎದರ ಸಾರು ಅನ್ನೂದು ಆಮ್ಯಾಲಿನ ಮಾತು. ಇದನ್ನ ಬಿಟ್ಟರ ದೋಷ ಇಲ್ಲ. ತಳದಾಗಿನ ಆ ಒಂದೀಟಕ್ಕ ಶಿವನ ಕೇಳಿಕೋತೀನಿ." ಬೆರಳು ಇಳಿಸಿದರು. "ಕುಡಿದ ಗುಟುಕಿಗೆ ನಾಳೆ ಮುಂಜಾನಿ ಪೂಜಿತನಕ ಉಪವಾಸ."

ನಾಳೆಯ ಪೂಜೆ ಆದ ಮೇಲೆ? ಎಂದು ಕೇಳುವ ಧೈರ್ಯ ಸೌಜನ್ಯಾಗೆ ಬರಲಿಲ್ಲ.

ಅವರು ನಲ್ಲಿಯ ನೀರು ಹಿಡಿದು ಬಾಯಿ ಮುಕ್ಕಳಿಸಿ ಬರಲು ಎದ್ದರು. ಅಷ್ಟರಲ್ಲಿ ಬಡಿಸುವವಳು ಬಟ್ಟಲು ತೆಗೆಯಲು ಪರದೆ ಎತ್ತಿದಳು. ಸೌಜನ್ಯಾ ಅವಳಿಗೆ ಇಂಗ್ಲಿಷಿನಲ್ಲಿ ನಡೆದದ್ದನ್ನು ತಿಳಿಸಿದಳು. ಕಂಡಿಯ ಆಚೆಗೆ ಎರಡು ಕೈಗಳು ನಿಂತಲ್ಲೇ ನಿಂತವು. ಅವಳು ಬಾಗಿ, ಮಾಸ್ಕ್ ಇಳಿಸಿ, ಮೊದಲ ಸಲ ಕಂಡಿಯಿಂದ ಮುಖ ತೋರಿಸಿದಳು. ನಡುವಯಸ್ಸಿನ ಹೆಂಗಸು, ಕಣ್ಣಲ್ಲಿ ನೀರು ಬಂದಿತ್ತು. ಸಾರಿ, ಸಾರಿ ಎಂದು ಹೇಳುತ್ತಲೇ ಇದ್ದಳು.

"ಆಕಿಗೆ ಹೇಳು, ಆಕೀದು ತಪ್ಪಿಲ್ಲ," ಎಂದರು ಶರಣಪ್ಪನವರು. "ತಪ್ಪು ನನ್ನ ಕೈದು. ಕೇಳೂಕಿಂತ ಮೊದಲ ಮುಗೀತಾವ." ಎಂದು ಅವಳಿಗೆ ಮತ್ತೆ ಕೈ ಮುಗಿದರು.

ಮರಳುವಾಗ ಟ್ಯೂಬಿನಲ್ಲಿ ಅವರು ಮಫ್ಲರ್ ಸುತ್ತಿಕೊಳ್ಳಲಿಲ್ಲ. ಸೌಜನ್ಯಾ ಅದನ್ನು ಗಮನಿಸಿದಳು, ಆದರೆ ಅದಕ್ಕೆ ಅರ್ಥ ಕಟ್ಟಲು ಹೋಗಲಿಲ್ಲ. ಹ್ಯಾರೋ ಬರುವಷ್ಟರಲ್ಲಿ ಅವರು ನಿದ್ದೆ ಹೋಗಿದ್ದರು.

ಅಂದು ಸಂಜೆ ಮೇಲಿನ ಕೋಣೆಗೆ ತಟ್ಟೆ ಹೋಗಲಿಲ್ಲ. ಅಡುಗೆಮನೆಯಲ್ಲಿ ನಿತೀಶ ಬಾಗಿಲಿಗೆ ಒರಗಿ ನಿಂತು ಕೇಳಿದ: "ಹೇಳಬ್ಯಾಡ ಅಂದಿದ್ನಲ್ಲಾ?"

"ಹೇಳಿದೆ."

"ಚೊಲೊ ಆತು ಬಿಡು. ದಿನಾ ಒಂದು ಚೂರು ರೊಟ್ಟಿಯರ ತಿಂತಿದ್ರು. ಈಗ ಅದೂ ಇಲ್ಲ. ನಿನಗೇನು, ಸೋಮವಾರ ಜಿಪಿಗೆ ಫೋನ್ ಮಾಡಾವ ನಾನು."

"ಮಾಡ್ರಿ," ಎಂದಳು ಅವಳು. "ಅಂಕಿತಾ ಎದ್ದು ಹೋಗೂದು ಯಾಕ ಅಂತನೂ ಹೇಳೇನಿ."

ನಿತೀಶ ದೀಪ ಆರಿಸಿ ಹೊರಗೆ ಹೋದ. ಗೋಡೆಯಾಚೆ ಟಿವಿ ಹತ್ತಿದ ಸದ್ದು, ಕೂಡಲೇ ಆರಿದ ಸದ್ದು ಕೇಳಿತು. ಸೌಜನ್ಯಾ ಕತ್ತಲಲ್ಲಿ ನಿಂತು ಮೇಲಿನ ಕೋಣೆಯತ್ತ ಕಿವಿಗೊಟ್ಟಳು. ಅಲ್ಲಿಂದ ಏನೂ ಕೇಳಲಿಲ್ಲ.

ರವಿವಾರ ಬೆಳಿಗ್ಗೆ ಅವಳು ಉಪ್ಪಿಟ್ಟು ಮಾಡಿದಳು. ಮೇಲೆ ಪೂಜೆಯ ಗಂಟೆ ಕೇಳಿಸಿತು, ನಿಂತಿತು. ಅವಳು ಒಂದು ತಟ್ಟೆಗೆ ಬಡಿಸಿ ಅದನ್ನು ಮೇಲೆ ಒಯ್ಯಲು ಕೈಗೆತ್ತಿಕೊಂಡಳು. ಅಂಕಿತಾ ಮೇಜಿಗೆ ಬಂದು ಕೂತಿದ್ದಳು, ನಿತೀಶ ಫೋನು ನೋಡುತ್ತಿದ್ದ. ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಒಂದು ಹೆಜ್ಜೆ, ಕಟಾಂಜನಕ್ಕೆ ಕೈ ಊರಿದ ಸದ್ದು, ಇನ್ನೊಂದು ಹೆಜ್ಜೆ.

ಶರಣಪ್ಪನವರು ಬಂದು ತಮ್ಮ ಹಳೆಯ ಕುರ್ಚಿ ಎಳೆದುಕೊಂಡರು. "ಇಲ್ಲೇ ಇಡು," ಎಂದರು ಸೊಸೆಗೆ.

ಅವಳು ಇಟ್ಟಳು. ಅವರು ಅದರಲ್ಲಿ ಚೂರು ಬೇರೆ ಮಾಡಲಿಲ್ಲ. ಕರಡಿಗೆ ಬಿಚ್ಚಿ, ತಟ್ಟೆಯನ್ನು ಪೂರ್ತಿಯಾಗಿ ಲಿಂಗಕ್ಕೆ ತೋರಿಸಿ, ಕಣ್ಣು ಮುಚ್ಚಿ ತೆರೆದರು. ಚಮಚ ಹಿಡಿದರು. ಮೊದಲ ತುತ್ತಿನಲ್ಲಿ ಅರ್ಧ ಬಾಯಿಗೆ ಹೋಯಿತು, ಅರ್ಧ ಗದ್ದದ ಮೇಲೆ ಉಳಿಯಿತು.

"ಏನರ ಬಿತ್ತೇನು?"

"ಏನಿಲ್ಲಪ್ಪಾ, ಆರಾಮ..." ನಿತೀಶನ ಬಾಯಿಂದ ರೂಢಿಯ ಮಾತು ಹೊರಟೇಬಿಟ್ಟಿತ್ತು.

"ನೀ ಸುಮ್ಮನ ಉಣ್ಣು. ನಾ ಅಂಕಿತಾನ ಕೇಳಿದೆ."

ಅಂಕಿತಾ ತಾಯಿಯ ಕಡೆ ನೋಡಿದಳು. ಸೌಜನ್ಯಾ ಕಣ್ಣು ತಪ್ಪಿಸಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಹುಡುಗಿಯ ಮುಖ ಕೆಂಪಾಯಿತು. ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಂತೆ ಮಾಡಿ, ತಳ್ಳದೆ, ತನ್ನ ಗದ್ದದ ಮೇಲೆ ತಾನು ಬೆರಳಿಟ್ಟು ತೋರಿಸಿದಳು.

"ಚಿನ್, ಅಜ್ಜಾ," ಎಂದಳು. ದನಿ ಒಡೆದಿತ್ತು. "ಆ್ಯಂಡ್ ಯುವರ್ ಶರ್ಟ್. ಕ್ವೈಟ್ ಎ ಲಾಟ್."

ಶರಣಪ್ಪನವರು ಒರೆಸಿಕೊಂಡರು. "ಈಗ?"

"ನಾಟ್ ದೇರ್. ದ ಅದರ್ ಸೈಡ್."

ಅವರು ಆ ಬದಿಯನ್ನೂ ಒರೆಸಿಕೊಂಡು, ಎರಡನೆಯ ತುತ್ತಿಗೆ ಚಮಚ ಹಾಕಿದರು. ನಿತೀಶ ಫೋನನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಉಣ್ಣತೊಡಗಿದ.